ಪಚ್ಚಬಾಳೆಗೆ ಯಾರ ಹೆಸರು? ಕ್ಯಾವೆಂಡಿಷ್ ಮನೆತನದ ಹೆಂಗಸರು ಮತ್ತು ಅವರ ಆಸ್ತಿಯ ಲೆಕ್ಕ

ತಳ್ಳುಗಾಡಿಯಲ್ಲಿ ಏಲಕ್ಕಿ ಬಾಳೆಯ ಪಕ್ಕದಲ್ಲಿ, ಅದಕ್ಕಿಂತ ಅಗ್ಗಕ್ಕೆ ಸಿಗುವ ಪಚ್ಚಬಾಳೆ. ತೋಟದವರು ಜಿ-9 ಎಂದು ಕರೆದು ನೆಡುವ ಸಸಿ. ಪಚ್ಚಬಾಳೆ, ಜಿ-9 ಎರಡೂ ಕ್ಯಾವೆಂಡಿಷ್ ಗುಂಪಿನ ಬಾಳೆಗಳೇ. ಹೆಸರು ಬಂದದ್ದು ಇಂಗ್ಲೆಂಡಿನ ಡರ್ಬಿಷೈರ್ ಸೀಮೆಯ ಒಂದು ಮನೆತನದಿಂದ. ಡೆವನ್‌ಷೈರ್‌ನ 6ನೇ ಡ್ಯೂಕ್ ವಿಲಿಯಂ ಕ್ಯಾವೆಂಡಿಷ್‌ನ ಚಾಟ್ಸ್‌ವರ್ತ್ ಬಂಗಲೆಯ ಗಾಜಿನ ಮನೆಯಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ಎಂಬ ತೋಟಗಾರ ಒಂದು ಗಿಡ್ಡ ತಳಿಯ ಬಾಳೆ ಬೆಳೆಸಿದ. 1835ರಲ್ಲಿ ಅದು ಗೊನೆ ಹಾಕಿತು. ಗಿಡಕ್ಕೆ ಒಡೆಯನ ಮನೆತನದ ಹೆಸರೇ ನಿಂತಿತು.

ಹೆಸರು ಗಂಡಸರದು. ಆದರೆ ಆ ಬಂಗಲೆ, ಆ ಜಮೀನು, ಲಂಡನ್ನಿನ ಮನೆಗಳು, ಐರ್ಲೆಂಡಿನ ಕೋಟೆ ಇವುಗಳಲ್ಲಿ ದೊಡ್ಡ ಪಾಲು ಕ್ಯಾವೆಂಡಿಷ್‌ಗಳ ಕೈ ಸೇರಿದ್ದು ಮದುವೆಯಾಗಿ ಬಂದ ಹೆಂಗಸರ ಮೂಲಕ. ಇಂಗ್ಲಿಷ್ ದೊಡ್ಡಮನೆಗಳ ಧಾರಾವಾಹಿಗಳನ್ನು ಮೊಬೈಲಿನಲ್ಲಿ ನೋಡುವವರಿಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ: ಹೊಟ್ಟೆಯಲ್ಲಿ ಹುಟ್ಟಿದ ಮಗಳಿದ್ದರೂ ಮನೆ ಮುಖ ನೋಡದ ದಾಯಾದಿಗೆ ಆಸ್ತಿ ಹೋಗುವುದೇಕೆ? ಈ ಒಂದು ಮನೆತನದ ಐದಾರು ಹೆಂಗಸರ ಬದುಕನ್ನು ಕಾನೂನಿನ ಕಣ್ಣಿನಿಂದ ನೋಡಿದರೆ ಉತ್ತರ ಸಿಗುತ್ತದೆ.

ಪದವಿ ಬೇರೆ, ಜಮೀನು ಬೇರೆ

ಧಾರಾವಾಹಿ ನೋಡುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಪದವಿಯೂ ಆಸ್ತಿಯೂ ಒಂದೇ ಗಂಟು ಎಂದುಕೊಳ್ಳುತ್ತೇವೆ. ಅವು ಎರಡು ಗಂಟು, ಇಳಿಯುವ ದಾರಿಯೂ ಎರಡು.

ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಯ ಪದವಿಗಳು ರಾಜನ ಸನ್ನದಿನಿಂದ ಬರುತ್ತವೆ. ಯಾರಿಗೆ ಇಳಿಯಬೇಕೆಂಬುದು ಸನ್ನದಿನಲ್ಲೇ ಬರೆದಿರುತ್ತದೆ. ಬಹುಪಾಲು ಸನ್ನದುಗಳ ಮಾತು ಒಂದೇ: ಪಡೆದವನ ಗಂಡು ಪೀಳಿಗೆಗೆ ಮಾತ್ರ, ಅದೂ ಗಂಡಸರ ಮೂಲಕವೇ. ಮಗಳಿಗಿಲ್ಲ, ಮಗಳ ಮಗನಿಗೂ ಇಲ್ಲ. ತುಳುನಾಡಿನ ಅಳಿಯಕಟ್ಟನ್ನು ಬಲ್ಲವರು ಅದನ್ನು ಪೂರ್ತಿ ತಿರುವಿಹಾಕಿ ನೋಡಿದರೆ ಸರಿಯಾಗಿ ಅರ್ಥವಾಗುತ್ತದೆ.

ಡ್ಯೂಕನ ಹೆಂಡತಿ ಡಚೆಸ್. ಅದು ಗಂಡನಿಂದ ಬಂದದ್ದು, ಆಕೆ ಅದನ್ನು ಯಾರಿಗೂ ದಾಟಿಸಲಾರಳು. ಗಂಡ ತೀರಿ ಮುಂದಿನ ಡ್ಯೂಕನಿಗೂ ಹೆಂಡತಿ ಇದ್ದರೆ ಹಿರಿಯಾಕೆ ‘ಡೌವೇಜರ್ ಡಚೆಸ್’. ಡ್ಯೂಕನ ಮಗಳು ‘ಲೇಡಿ’ ಜೊತೆಗೆ ತನ್ನ ಸ್ವಂತ ಹೆಸರು: ಲೇಡಿ ಜಾರ್ಜಿಯಾನಾ, ಲೇಡಿ ಹ್ಯಾರಿಯೆಟ್. ಡ್ಯೂಕನ ಕಿರಿಮಗನನ್ನು ಮದುವೆಯಾದವಳಿಗೆ ಸ್ವಂತ ಹೆಸರೂ ಉಳಿಯುವುದಿಲ್ಲ. ಅಮೆರಿಕದ ಹೆಸರಾಂತ ನರ್ತಕಿ ಅಡೆಲ್ ಅಸ್ಟೇರ್ 1932ರಲ್ಲಿ ಈ ಮನೆಯ ಲಾರ್ಡ್ ಚಾರ್ಲ್ಸ್‌ನನ್ನು ಮದುವೆಯಾದಾಗ ಕಾಗದಪತ್ರದಲ್ಲಿ ‘ಲೇಡಿ ಚಾರ್ಲ್ಸ್ ಕ್ಯಾವೆಂಡಿಷ್’ ಆದರು. ಹಾಗಾಗಿ ಲೇಡಿ ಪದದ ಮುಂದೆ ಹೆಣ್ಣಿನ ಹೆಸರಿದ್ದರೆ ಗೌರವ ತಂದೆಯಿಂದ ಬಂದದ್ದು, ಗಂಡಿನ ಹೆಸರಿದ್ದರೆ ಗಂಡನಿಂದ ಬಂದದ್ದು ಎಂದು ಲೆಕ್ಕ ಹಾಕಬಹುದು.

ಜಮೀನು ಸನ್ನದಿನ ಪ್ರಕಾರ ಇಳಿಯುವುದಿಲ್ಲ. ಅದು ಕ್ರಯಪತ್ರ, ಉಯಿಲು, ಮದುವೆ ಕರಾರು ಇವುಗಳ ಪ್ರಕಾರ ಇಳಿಯುತ್ತದೆ. ಎರಡೂ ಒಬ್ಬನ ಕೈಗೇ ಬರುವಂತೆ ಹೊಲಿಯುವುದೇ ದೊಡ್ಡಮನೆಗಳ ವಕೀಲರ ಮುಖ್ಯ ಕಸುಬಾಗಿತ್ತು.

ಹೆಂಡತಿ ಎಂದರೆ ಕಾನೂನಿಗೆ ಕಾಣದವಳು

ಹೆಣ್ಣಿಗೆ ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮೂರು ಸ್ಥಿತಿ: ಮದುವೆಯಾಗದವಳು, ಮದುವೆಯಾದವಳು, ವಿಧವೆ. ನಡುವಿನ ಸ್ಥಿತಿಗೆ ಕವರ್ಚರ್ ಎನ್ನುತ್ತಿದ್ದರು, ಅಂದರೆ ಹೊದಿಕೆ. ಗಂಡನ ಹೊದಿಕೆಯೊಳಗೆ ಹೆಂಡತಿ ಮರೆಯಾಗುತ್ತಾಳೆ, ಇಬ್ಬರೂ ಸೇರಿ ಒಬ್ಬ ವ್ಯಕ್ತಿ, ಆ ವ್ಯಕ್ತಿ ಗಂಡ.

ಪರಿಣಾಮ ಹೀಗೆ. ಮದುವೆಯ ದಿನವೇ ಆಕೆಯ ಹಣ, ಒಡವೆ, ದನಕರು ಎಲ್ಲ ಗಂಡನದಾಗುತ್ತದೆ. ಜಮೀನು ಆಕೆಯ ಹೆಸರಲ್ಲೇ ಉಳಿದರೂ ಗೇಣಿ ವಸೂಲಿ ಗಂಡನದು. ಮಾರಬೇಕಾದರೆ ಮಾತ್ರ ಆಕೆಯ ಒಪ್ಪಿಗೆ ಬೇಕು, ಬಲವಂತವಿಲ್ಲವೇ ಎಂದು ನ್ಯಾಯಾಧೀಶರು ಆಕೆಯನ್ನು ಪ್ರತ್ಯೇಕವಾಗಿ ಕರೆದು ಕೇಳುತ್ತಿದ್ದರು. ಸ್ವಂತವಾಗಿ ಕರಾರು ಮಾಡುವಂತಿಲ್ಲ, ದಾವೆ ಹೂಡುವಂತಿಲ್ಲ, ಉಯಿಲು ಬರೆಯಲೂ ಗಂಡನ ಒಪ್ಪಿಗೆ ಬೇಕು.

ವಿಧವೆಯಾದ ಗಳಿಗೆ ಹೊದಿಕೆ ಸರಿಯುತ್ತದೆ. ಗಂಡನ ಜಮೀನಿನ ಮೂರರಲ್ಲಿ ಒಂದು ಪಾಲಿನ ಆದಾಯ ಆಕೆಗೆ ಬದುಕಿರುವವರೆಗೆ. ಇದು ಡವರ್. ನಮ್ಮ ಜೀವನಾಂಶಕ್ಕೆ ಹತ್ತಿರ, ಆದರೆ ಯಾರೂ ಕರುಣೆಯಿಂದ ಕೊಡುವುದಲ್ಲ, ಕಾಯಂ ಹಕ್ಕು. ಹೆಂಡತಿ ಮೊದಲು ತೀರಿಕೊಂಡರೆ ಗಂಡನಿಗೆ ಎಷ್ಟು ಗೊತ್ತೇ? ಒಂದು ಮಗು ಜೀವಂತ ಹುಟ್ಟಿದ್ದರೆ ಸಾಕು, ಅದು ಆಮೇಲೆ ಸತ್ತಿದ್ದರೂ ಸರಿ, ಆಕೆಯ ಪೂರ್ತಿ ಜಮೀನಿನ ಆದಾಯ ಅವನು ಬದುಕಿರುವವರೆಗೆ ಅವನದು. ಅವಳಿಗೆ ಮೂರರಲ್ಲಿ ಒಂದು, ಅವನಿಗೆ ಮೂರಕ್ಕೆ ಮೂರು.

ಡವರ್‌ನಿಂದ ಗಂಡಿನ ಮನೆಯವರಿಗೆ ತಲೆನೋವು. ಯಾವ ಜಮೀನು ಮಾರಿದರೂ ಅದರ ಮೇಲೆ ಹೆಂಡತಿಯ ಹಕ್ಕು ಅಂಟಿಕೊಂಡೇ ಇರುತ್ತದೆ. ಆದ್ದರಿಂದ ಮದುವೆಗೆ ಮೊದಲೇ ‘ವಿಧವೆಯಾದರೆ ವರ್ಷಕ್ಕೆ ಇಷ್ಟು’ ಅಥವಾ ‘ಇಂಥ ಜಮೀನು’ ಎಂದು ಬರೆದುಕೊಡುವ ರೂಢಿ ಬೆಳೆಯಿತು. ಅದರ ಹೆಸರು ಜಾಯಿಂಚರ್. 1536ರ ಒಂದು ಕಾಯಿದೆಯ ಪ್ರಕಾರ ಮದುವೆಗೆ ಮುಂಚೆ ಜಾಯಿಂಚರ್ ಗೊತ್ತುಮಾಡಿದ್ದರೆ ಡವರ್ ಹಕ್ಕು ಹೋಯಿತು. ಮದುವೆಯ ನಂತರ ಮಾಡಿದ್ದರೆ ಎರಡರಲ್ಲಿ ಬೇಕಾದದ್ದನ್ನು ವಿಧವೆ ಆರಿಸಿಕೊಳ್ಳಬಹುದು. ತಾರೀಖು ಒಂದು ದಿನ ಆಚೀಚೆಯಾದರೂ ಲೆಕ್ಕ ಬದಲು. ಹೆಣ್ಣಿನ ಕಡೆಯಿಂದ ಬರುವ ಹಣಕ್ಕೆ ಪೋರ್ಷನ್ ಎಂದು ಹೆಸರು. ನಮ್ಮ ಮಾತಿನಲ್ಲಿ ಹೇಳುವುದಾದರೆ ವರದಕ್ಷಿಣೆ.

ಬೆಸ್: ನಾಲ್ಕು ಮದುವೆ, ನಾಲ್ಕು ಪಾಠ

ಈ ನಿಯಮಗಳನ್ನೆಲ್ಲ ಅರೆದು ಕುಡಿದಿದ್ದವಳು ಎಲಿಜಬೆತ್ ಹಾರ್ಡ್‌ವಿಕ್. ಚರಿತ್ರೆಯಲ್ಲಿ ‘ಹಾರ್ಡ್‌ವಿಕ್‌ನ ಬೆಸ್’. ಹುಟ್ಟಿದ್ದು 1520ರ ದಶಕದಲ್ಲಿ, ಡರ್ಬಿಷೈರ್‌ನ ಸಾಧಾರಣ ಜಮೀನುದಾರರ ಮನೆಯಲ್ಲಿ. ಆಕೆ ಕೈಗೂಸಾಗಿದ್ದಾಗ ತಂದೆ ತೀರಿಕೊಂಡ. ವಾರಸುದಾರನಾದ ಅಣ್ಣ ಇನ್ನೂ ಎಳೆಯ.

ಇಲ್ಲಿ ವಾರ್ಡ್‌ಶಿಪ್ ಎಂಬ ಪದ್ಧತಿ ಬರುತ್ತದೆ. ರಾಜನಿಂದ ಹಿಡಿದ ಜಮೀನಿನ ಒಡೆಯ ಸತ್ತಾಗ ಗಂಡು ವಾರಸುದಾರ 21 ತುಂಬದವನಾಗಿದ್ದರೆ, ಹುಡುಗನ ಪಾಲನೆಯೂ ಜಮೀನಿನ ಆದಾಯದ ಪಾಲೂ ರಾಜನ ಕೈಗೆ. ರಾಜ ಆ ಹಕ್ಕನ್ನು ದುಡ್ಡಿಗೆ ಮಾರುತ್ತಿದ್ದ. ಕೊಂಡವನು ಹುಡುಗ ದೊಡ್ಡವನಾಗುವವರೆಗೆ ಜಮೀನು ಹಿಂಡುತ್ತಿದ್ದ, ಮದುವೆಯನ್ನೂ ತನಗೆ ಬೇಕಾದಲ್ಲಿ ಮಾಡಿಸುತ್ತಿದ್ದ. ತಾಯಿಯ ಮಾತಿಗೆ ಬೆಲೆಯಿಲ್ಲ. ಬೆಸ್‌ಳ ತವರು ಸೊರಗಿದ್ದು ಹೀಗೆ.

ಮೊದಲ ಗಂಡ ರಾಬರ್ಟ್ ಬಾರ್ಲಿ 1544ರಲ್ಲಿ ತೀರಿಕೊಂಡ. ಡವರ್ ಕೊಡಲು ಗಂಡನ ಕಡೆಯವರು ಹಿಂದೆಮುಂದೆ ನೋಡಿದರು. ಹದಿಹರೆಯ ದಾಟುವ ವಯಸ್ಸಿನ ಆ ವಿಧವೆ ದಾವೆ ಹೂಡಿ ತನ್ನ ಮೂರನೆಯ ಒಂದು ಪಾಲು ಪಡೆದಳು.

1547ರಲ್ಲಿ ಎರಡನೆಯ ಮದುವೆ, ರಾಜನ ಖಜಾನೆ ಅಧಿಕಾರಿ ಸರ್ ವಿಲಿಯಂ ಕ್ಯಾವೆಂಡಿಷ್ ಜೊತೆ. 1549ರಲ್ಲಿ 600 ಪೌಂಡಿಗೆ ಚಾಟ್ಸ್‌ವರ್ತ್ ಖರೀದಿ. ಆ ಕ್ರಯಪತ್ರ ಗಂಡಹೆಂಡಿರ ಜಂಟಿ ಹೆಸರಿನಲ್ಲಿತ್ತು ಎಂಬುದೇ ಈ ಮನೆತನದ ಕತೆಯ ತಿರುಗಣಿ. ಜಂಟಿ ಎಂದರೆ ಒಬ್ಬರು ಸತ್ತರೆ ಪೂರ್ತಿ ಹಕ್ಕು ಉಳಿದವರಿಗೆ. ವಿಲಿಯಂ 1557ರಲ್ಲಿ ತೀರಿಕೊಂಡಾಗ ದೊಡ್ಡಮಗನಿಗೆ ಇನ್ನೂ ಏಳು ತುಂಬಿರಲಿಲ್ಲ. ಜಮೀನು ಮಗನಿಗೆ ಇಳಿದಿದ್ದರೆ ಕೂಡಲೇ ವಾರ್ಡ್‌ಶಿಪ್. ಅದು ಇಳಿಯಲೇ ಇಲ್ಲ, ಬೆಸ್ ಕೈಯಲ್ಲೇ ನಿಂತಿತು. ತವರಿನಲ್ಲಿ ಕಂಡ ಪೆಟ್ಟನ್ನು ಮಕ್ಕಳಿಗೆ ತಾಕದಂತೆ ಒಂದು ದಸ್ತಾವೇಜು ತಡೆಯಿತು. ಗಂಡ ಬಿಟ್ಟುಹೋದ ಇನ್ನೊಂದು ಬಳುವಳಿಯೂ ಇತ್ತು: ಖಜಾನೆ ಲೆಕ್ಕದಲ್ಲಿ 5,000 ಪೌಂಡಿಗೂ ಮೀರಿದ ಬಾಕಿ.

ಆ ಬಾಕಿ ತೀರಿಸಲು ನೆರವಾದವನು ಮೂರನೆಯ ಗಂಡ ಸರ್ ವಿಲಿಯಂ ಸೇಂಟ್ ಲೋ. 1565ರ ಸುಮಾರಿಗೆ ಅವನೂ ತೀರಿಕೊಂಡ, ಆಸ್ತಿಯನ್ನೆಲ್ಲ ಬೆಸ್ ಹೆಸರಿಗೆ ಬರೆದು. ನಾಲ್ಕನೆಯವನು ಷ್ರೂಸ್‌ಬರಿಯ 6ನೇ ಅರ್ಲ್ ಜಾರ್ಜ್ ಟಾಲ್ಬಟ್, ಇಂಗ್ಲೆಂಡಿನ ಅತಿ ಸಿರಿವಂತರಲ್ಲಿ ಒಬ್ಬ. ಈ ಸಂಬಂಧಕ್ಕೆ ಬೆಸ್ ಎರಡು ಬೀಗ ಹಾಕಿದಳು. 1568ರ ಫೆಬ್ರವರಿಯಲ್ಲಿ ತನ್ನ ಮಗಳು ಮೇರಿಯನ್ನು ಅರ್ಲ್‌ನ ಮಗ ಗಿಲ್ಬರ್ಟ್‌ಗೆ ಕೊಟ್ಟು, ಅರ್ಲ್‌ನ ಮಗಳು ಗ್ರೇಸ್‌ಳನ್ನು ತನ್ನ ದೊಡ್ಡಮಗ ಹೆನ್ರಿಗೆ ತಂದುಕೊಂಡಳು. ಮೇರಿಗೆ 12 ವರ್ಷ, ಗ್ರೇಸ್‌ಗೆ ಇನ್ನೂ ಕಡಿಮೆ. ನಮ್ಮ ಹಳ್ಳಿಗಳ ಕೊಟ್ಟು ತರುವ ಸಂಬಂಧದ ಲೆಕ್ಕಾಚಾರವೇ: ಹಣ ಒಂದು ಮನೆಯಿಂದ ಹೊರಟರೂ ಇನ್ನೊಂದು ಬಾಗಿಲಿನಿಂದ ಒಳಗೇ ಬರಬೇಕು.

ಈ ಮದುವೆ ಕೆಟ್ಟಿತು. 1569ರಿಂದ ಸುಮಾರು ಹದಿನೈದು ವರ್ಷ ಸ್ಕಾಟ್ಲೆಂಡಿನ ರಾಣಿ ಮೇರಿಯನ್ನು ಸೆರೆಯಲ್ಲಿಟ್ಟು ಕಾಯುವ ಹೊಣೆ ಅರ್ಲ್‌ನ ತಲೆಗೆ ಬಿತ್ತು. ಖರ್ಚೂ ಅವನದೇ, ಸಂಶಯವೂ ಅವನ ಮೇಲೇ. 1580ರ ದಶಕದಲ್ಲಿ ಗಂಡಹೆಂಡಿರು ಬೇರೆಯಾದರು, ಚಾಟ್ಸ್‌ವರ್ತ್ ಯಾರದು ಎಂಬ ಜಗಳ ಎಲಿಜಬೆತ್ ರಾಣಿಯವರೆಗೆ ಹೋಯಿತು. 1590ರಲ್ಲಿ ಅರ್ಲ್ ಸತ್ತ. ವಿಧವೆಯ ಪಾಲು ಕೈಸೇರಿತು. ಅದೇ ವರ್ಷ ಬೆಸ್ ತವರೂರಿನಲ್ಲಿ ಹೊಸ ಹಾರ್ಡ್‌ವಿಕ್ ಹಾಲ್ ಕಟ್ಟಲು ನಿಂತಳು. 1597ರಲ್ಲಿ ಗೃಹಪ್ರವೇಶ. ಗಾಜು ಬಲು ದುಬಾರಿಯಾಗಿದ್ದ ಕಾಲದಲ್ಲಿ ಗೋಡೆಗಿಂತ ಕಿಟಕಿಯೇ ಹೆಚ್ಚು ಎನ್ನುವಂಥ ಮನೆ. ಗೋಪುರಗಳ ನೆತ್ತಿಯ ಮೇಲೆ ಕಲ್ಲಿನಲ್ಲಿ ಕೆತ್ತಿಸಿದ ಎರಡು ಅಕ್ಷರ, ಇ ಮತ್ತು ಎಸ್: ಎಲಿಜಬೆತ್ ಷ್ರೂಸ್‌ಬರಿ. ಸ್ವಂತ ದುಡ್ಡಿನ ಮನೆಯ ಮೇಲೂ ಎರಡನೆಯ ಅಕ್ಷರ ಗಂಡನದೇ.

ಬೆಸ್‌ಗೂ ಮುರಿಯಲಾಗದ ಗಂಟು ಒಂದಿತ್ತು. ಹೆನ್ರಿಯನ್ನು ಕಂಡರೆ ಆಕೆಗೆ ಆಗುತ್ತಿರಲಿಲ್ಲ. ಆದರೆ ಚಾಟ್ಸ್‌ವರ್ತ್ ತನ್ನ ನಂತರ ಅವನಿಗೇ ಹೋಗಬೇಕೆಂದು ಹಿಂದೆಯೇ ಬರೆದಾಗಿತ್ತು. ಜಮೀನು ತಪ್ಪಿಸಲಾಗದೆ ಮನೆಯೊಳಗಿನ ಸಾಮಾನನ್ನು ಎರಡನೆಯ ಮಗ ವಿಲಿಯಂ ಹೆಸರಿಗೆ ಮಾಡಿದಳು. 1608ರಲ್ಲಿ ಆಕೆ ತೀರಿಕೊಂಡ ಮೇಲೆ ವಿಲಿಯಂ ಅಣ್ಣನಿಗೆ ಹಣ ಕೊಟ್ಟು ಚಾಟ್ಸ್‌ವರ್ತ್ ಬಿಡಿಸಿಕೊಂಡ. 1618ರಲ್ಲಿ ಜೇಮ್ಸ್ ದೊರೆಗೆ 10,000 ಪೌಂಡ್ ತೆತ್ತು ಡೆವನ್‌ಷೈರ್‌ನ ಅರ್ಲ್ ಆದ. (ಹೆಸರು ಡೆವನ್‌ಷೈರ್, ಮನೆ ಡರ್ಬಿಷೈರ್, ಪದವಿಯ ಹೆಸರಿಗೂ ಊರಿಗೂ ನಂಟು ಇರಲೇಬೇಕೆಂದಿಲ್ಲ.) 1694ರಲ್ಲಿ ಅದು ಡ್ಯೂಕ್ ಪದವಿಯಾಯಿತು.

ಸೊಸೆ ಉಳಿಸಿದ ಮನೆ

ಡೆವನ್‌ಷೈರ್‌ನ 2ನೇ ಅರ್ಲ್ 1628ರಲ್ಲಿ ಸಾಲ ಬಿಟ್ಟು ಸತ್ತಾಗ ವಾರಸುದಾರ ಮತ್ತೆ ಎಳೆಯ ಹುಡುಗ. ವಿಧವೆ ಕ್ರಿಶ್ಚಿಯನ್ ಬ್ರೂಸ್ ಮಗನ ಪರವಾಗಿ ಆಡಳಿತ ಹಿಡಿದು, ರಾಶಿ ಬಿದ್ದಿದ್ದ ದಾವೆಗಳನ್ನು ಒಂದೊಂದಾಗಿ ಗೆದ್ದು ಆಸ್ತಿಯನ್ನು ಸಾಲದಿಂದ ಎತ್ತಿದಳು. ಖರ್ಚು ಕಡಿತದಲ್ಲಿ ಮನೆಯ ಪಾಠದ ಮೇಷ್ಟರೂ ಕೆಲಸ ಕಳೆದುಕೊಂಡ. ಮೂರು ವರ್ಷದ ಮೇಲೆ ಮತ್ತೆ ಕರೆಸಿಕೊಂಡರು. ಆ ಮೇಷ್ಟರು ತತ್ತ್ವಜ್ಞಾನಿ ಥಾಮಸ್ ಹಾಬ್ಸ್.

ಹುಟ್ಟದ ಮೊಮ್ಮಗನಿಗೆ ಬರೆದ ಜಮೀನು

17ನೇ ಶತಮಾನದ ನಡುವೆ ವಕೀಲರು ‘ಸ್ಟ್ರಿಕ್ಟ್ ಸೆಟಲ್‌ಮೆಂಟ್’ ಎಂಬ ವ್ಯವಸ್ಥೆ ರೂಪಿಸಿದರು. ಧಾರಾವಾಹಿಗಳಲ್ಲಿ ಎಂಟೇಲ್ ಎಂದು ಕೇಳಿಬರುವುದು ಹೆಚ್ಚಾಗಿ ಇದೇ. ಕೆಲಸ ಮಾಡುವ ಬಗೆ ಹೀಗೆ.

ದೊಡ್ಡಮಗನ ಮದುವೆ ಗೊತ್ತಾದಾಗ ತಂದೆ ಮಗ ಸೇರಿ ಪತ್ರ ಬರೆಯುತ್ತಾರೆ. ಜಮೀನಿನ ಆದಾಯ ತಂದೆಗೆ ಬದುಕಿರುವವರೆಗೆ, ಆಮೇಲೆ ಮಗನಿಗೆ ಬದುಕಿರುವವರೆಗೆ, ಆಮೇಲೆ ಆ ಮಗನಿಗೆ ಹುಟ್ಟಲಿರುವ ದೊಡ್ಡ ಗಂಡುಮಗುವಿಗೆ. ಹುಟ್ಟದ ಕೂಸಿನ ಹಕ್ಕು ಕಾಯಲು ಟ್ರಸ್ಟಿಗಳು. ಹೀಗಾದಾಗ ತಂದೆಯಾಗಲಿ ಮಗನಾಗಲಿ ಜಮೀನು ಮಾರುವಂತಿಲ್ಲ; ಇಬ್ಬರೂ ಬರೀ ಉಣ್ಣುವವರು, ಒಡೆಯರಲ್ಲ. ಅದೇ ಪತ್ರದಲ್ಲಿ ಸೊಸೆಗೆ ಜಾಯಿಂಚರ್, ಕೈಖರ್ಚಿಗೆ ‘ಪಿನ್ ಮನಿ’ ಎಂಬ ವಾರ್ಷಿಕ ಮೊತ್ತ, ಹುಟ್ಟಲಿರುವ ಹೆಣ್ಣುಮಕ್ಕಳಿಗೂ ಕಿರಿಮಕ್ಕಳಿಗೂ ಇಡಿಗಂಟು. ಮೊಮ್ಮಗ 21 ತುಂಬಿದಾಗ ಮಾತ್ರ ತಂದೆಯೊಡನೆ ಸೇರಿ ಕಟ್ಟು ಬಿಚ್ಚಬಲ್ಲ. ಆಗ ತಂದೆ ‘ಈಗಿಂದಲೇ ವರ್ಷಕ್ಕಿಷ್ಟು ಕೊಡುತ್ತೇನೆ, ಮತ್ತೊಂದು ತಲೆಮಾರಿಗೆ ಕಟ್ಟು ಹಾಕೋಣ’ ಎನ್ನುತ್ತಾನೆ. ಕೈಯಲ್ಲಿ ಕಾಸಿಲ್ಲದ ಹುಡುಗ ಒಪ್ಪುತ್ತಾನೆ. ಹೀಗೇ ಸುತ್ತು.

ಇಲ್ಲಿ ಎಡವಟ್ಟೂ ಆಗುತ್ತಿತ್ತು. ಗಂಡ ಬೇಗ ಸತ್ತು ವಿಧವೆ ನಲವತ್ತು ವರ್ಷ ಬದುಕಿದರೆ ಜಾಯಿಂಚರ್ ಭಾರ ಆಸ್ತಿಯನ್ನು ಜಗ್ಗುತ್ತದೆ. ನಾಲ್ಕಾರು ಹೆಣ್ಣುಮಕ್ಕಳಿದ್ದರೆ ಇಡಿಗಂಟಿಗಾಗಿ ಅಡಮಾನ. ಮಾರಲು ಬಾರದ ಜಮೀನು, ತೀರಿಸಲೇಬೇಕಾದ ಸಾಲ. ಇದಕ್ಕೆ ಎಲ್ಲರಿಗೂ ಹೊಳೆಯುತ್ತಿದ್ದ ಪರಿಹಾರ ಒಂದೇ: ಅಣ್ಣತಮ್ಮಂದಿರಿಲ್ಲದ ಸಿರಿವಂತ ಹುಡುಗಿಯನ್ನು ಸೊಸೆಯಾಗಿ ತರುವುದು.

ಷಾರ್ಲಟ್ ತಂದದ್ದು

ಅಂಥವಳು ಷಾರ್ಲಟ್ ಬಾಯ್ಲ್, ವಾಸ್ತುಶಿಲ್ಪಿಯೂ ಆಗಿದ್ದ ಬರ್ಲಿಂಗ್ಟನ್‌ನ 3ನೇ ಅರ್ಲ್‌ನ ಮಗಳು. 1748ರಲ್ಲಿ ಮುಂದೆ 4ನೇ ಡ್ಯೂಕ್ ಆಗಲಿದ್ದ ಹುಡುಗನನ್ನು ಮದುವೆಯಾದಳು. ಆಗ ಆಕೆಗೆ 16. ನಾಲ್ಕು ಮಕ್ಕಳನ್ನು ಹೆತ್ತು 1754ರಲ್ಲಿ, 23ರ ಪ್ರಾಯದಲ್ಲಿ ಸಿಡುಬಿನಿಂದ ತೀರಿಕೊಂಡಳು. ಡಚೆಸ್ ಆಗುವಷ್ಟೂ ದಿನ ಬದುಕಲಿಲ್ಲ, ಗಂಡ ಡ್ಯೂಕ್ ಆದದ್ದು ಮರುವರ್ಷ.

ಆರು ವರ್ಷದ ಆ ಸಂಸಾರದಿಂದ ಕ್ಯಾವೆಂಡಿಷ್‌ಗಳಿಗೆ ಬಂದದ್ದು: ಲಂಡನ್ನಿನ ಪಿಕಾಡಿಲಿಯ ಬರ್ಲಿಂಗ್ಟನ್ ಹೌಸ್ (ಈಗ ಅಲ್ಲಿ ರಾಯಲ್ ಅಕಾಡೆಮಿ ಎಂಬ ಕಲಾಸಂಸ್ಥೆ ಇದೆ), ಚಿಜಿಕ್ ಹೌಸ್, ಯಾರ್ಕ್‌ಷೈರ್‌ನ ಬೋಲ್ಟನ್ ಆ್ಯಬಿ ಮತ್ತು ಲಂಡಸ್‌ಬರೊ, ಐರ್ಲೆಂಡಿನ ಲಿಸ್ಮೋರ್ ಕೋಟೆ. ಬೋಲ್ಟನ್ ಆ್ಯಬಿಯ ದಾರಿ ನೋಡಿ: ಅದು ಕ್ಲಿಫರ್ಡ್ ಮನೆತನದ್ದು, ಎಲಿಜಬೆತ್ ಕ್ಲಿಫರ್ಡ್ ಮದುವೆಯಿಂದ ಬಾಯ್ಲ್‌ಗಳಿಗೆ, ಷಾರ್ಲಟ್ ಮದುವೆಯಿಂದ ಕ್ಯಾವೆಂಡಿಷ್‌ಗಳಿಗೆ. ಎರಡು ಸಲ ಹೆಣ್ಣಿನ ಜೊತೆ ಹೊರಟು, ಎರಡು ಸಲವೂ ಹೆಸರು ಬದಲಿಸಿತು.

ಷಾರ್ಲಟ್‌ಗೆ ಸ್ವಂತ ಪದವಿಯೂ ಇತ್ತು, ಬ್ಯಾರನೆಸ್ ಕ್ಲಿಫರ್ಡ್. ಹೆಣ್ಣಿಗೆ ಪದವಿ ಇಳಿಯುವುದಿಲ್ಲ ಎಂದ ಮೇಲೆ ಇದು ಹೇಗೆ? ಕೆಲವು ಬ್ಯಾರನ್ ಪದವಿಗಳು ಸನ್ನದಿನಿಂದ ಅಲ್ಲ, ಪಾರ್ಲಿಮೆಂಟಿಗೆ ಬಾ ಎಂಬ ಕರೆಯೋಲೆಯಿಂದ ಹುಟ್ಟಿದವು. ಓಲೆಯಲ್ಲಿ ಗಂಡು ಪೀಳಿಗೆ ಎಂಬ ಷರತ್ತಿಲ್ಲ, ಆದ್ದರಿಂದ ಗಂಡುಮಕ್ಕಳಿಲ್ಲದಾಗ ಮಗಳಿಗೂ ಇಳಿಯುತ್ತದೆ. ಈ ಕ್ಲಿಫರ್ಡ್ ಪದವಿ ಹುಟ್ಟಿದ್ದೇ ತಪ್ಪಿನಿಂದ. ಹಳೆಯ ಡಿ ಕ್ಲಿಫರ್ಡ್ ಪದವಿ ತಂದೆಯದೆಂದು ತಿಳಿದು 1628ರಲ್ಲಿ ಹೆನ್ರಿ ಕ್ಲಿಫರ್ಡ್‌ಗೆ ಓಲೆ ಕಳಿಸಿದರು. ಅದು ನಿಜಕ್ಕೂ ಸೇರಬೇಕಾದದ್ದು ಅವನ ದೊಡ್ಡಪ್ಪನ ಮಗಳು ಆ್ಯನ್ ಕ್ಲಿಫರ್ಡ್‌ಗೆ. ಕಳಿಸಿದ ಓಲೆ ಹಿಂದಕ್ಕೆ ಬಾರದು, ಹೊಸ ಪದವಿಯೇ ಹುಟ್ಟಿತು.

ಇಂಥ ಪದವಿಗಳಿಗೆ ಇನ್ನೊಂದು ವಿಚಿತ್ರ ನಿಯಮವಿದೆ. ಗಂಡುಮಕ್ಕಳಲ್ಲಿ ಹಿರಿಯ ಎಂಬುದುಂಟು, ಹೆಣ್ಣುಮಕ್ಕಳಲ್ಲಿ ಎಲ್ಲರೂ ಸಮ. ಇಬ್ಬರು ಹೆಣ್ಣು ವಾರಸುದಾರರಿದ್ದರೆ ಪದವಿಯನ್ನು ಎರಡು ತುಂಡು ಮಾಡಲಾಗದು, ಹಾಗಾಗಿ ಅದು ಯಾರಿಗೂ ಇಲ್ಲದೆ ತೂಗುತ್ತದೆ. ಬಾಳೆಯ 6ನೇ ಡ್ಯೂಕ್ ಮದುವೆಯಾಗದೆ 1858ರಲ್ಲಿ ತೀರಿಕೊಂಡಾಗ ಅಜ್ಜಿ ಷಾರ್ಲಟ್‌ಳಿಂದ ಬಂದಿದ್ದ ಕ್ಲಿಫರ್ಡ್ ಪದವಿ ಅವನ ಇಬ್ಬರು ಅಕ್ಕಂದಿರ ನಡುವೆ ತೂಗಿ ನಿಂತಿತು. ಡ್ಯೂಕ್ ಪದವಿ ಮಾತ್ರ ಅಕ್ಕಂದಿರ ಗಂಡುಮಕ್ಕಳನ್ನೆಲ್ಲ ದಾಟಿ ದಾಯಾದಿಯೊಬ್ಬನಿಗೆ ಹೋಯಿತು.

ಜಾರ್ಜಿಯಾನಾ: ಸಾಲ ಮತ್ತು ಮಕ್ಕಳು

ಆ ಅಕ್ಕತಮ್ಮಂದಿರ ತಾಯಿ ಜಾರ್ಜಿಯಾನಾ ಸ್ಪೆನ್ಸರ್. ಡಯಾನಾ ರಾಜಕುಮಾರಿಯ ತವರೇ ಈಕೆಯ ತವರೂ. 1774ರ ಜೂನ್ 7ರಂದು, ತನ್ನ 17ನೇ ಹುಟ್ಟುಹಬ್ಬದ ದಿನ 5ನೇ ಡ್ಯೂಕ್‌ನನ್ನು ಮದುವೆಯಾದಳು. ಮತದ ಹಕ್ಕಿಲ್ಲದೆಯೂ 1784ರ ವೆಸ್ಟ್‌ಮಿನ್‌ಸ್ಟರ್ ಚುನಾವಣೆಯಲ್ಲಿ ಚಾರ್ಲ್ಸ್ ಜೇಮ್ಸ್ ಫಾಕ್ಸ್ ಪರವಾಗಿ ಬೀದಿಗಿಳಿದು ಮತ ಕೇಳಿದಳು. ಜೂಜಿನ ಸಾಲ ಮಾತ್ರ ಜೀವನಪೂರ್ತಿ ಕಾಡಿತು.

ಆ ಸಾಲ ವಸೂಲಿಯಾಗುತ್ತಿದ್ದುದು ಹೇಗೆ? 1710ರ ಕಾಯಿದೆಯಂತೆ ಜೂಜಿನ ಸಾಲಕ್ಕೆ ಕೋರ್ಟಿನಲ್ಲಿ ಬೆಲೆಯಿಲ್ಲ. ಹೆಂಡತಿ ಮಾಡಿದ ಕರಾರಿಗೂ ಬೆಲೆಯಿಲ್ಲ. ಅಗತ್ಯ ವಸ್ತುಗಳ ಬಾಕಿಗಷ್ಟೇ ಗಂಡ ಹೊಣೆ. ಹೀಗೆ ಎರಡು ಕಡೆಯಿಂದ ವಸೂಲಿಗೆ ಬಾರದ ಸಾಲ ಅದು. ನಡೆಯುತ್ತಿದ್ದುದು ಮರ್ಯಾದೆಯ ಬಲದ ಮೇಲೆ: ಕೊಡದಿದ್ದರೆ ಸುದ್ದಿ ಊರಾಗುತ್ತದೆ. ಬ್ಯಾಂಕರ್ ಥಾಮಸ್ ಕೌಟ್ಸ್ ಕೊಟ್ಟ ಸಾಲದ ಹಿಂದೆಯೂ ದೊಡ್ಡಮನೆಯ ಸ್ನೇಹದ ಆಸೆಯಿತ್ತು.

ಇನ್ನೊಂದು ಒತ್ತಡ ಗಂಡು ವಾರಸುದಾರನದು. ಇಬ್ಬರು ಹೆಣ್ಣುಮಕ್ಕಳಾದ ಮೇಲೆ, ಮದುವೆಯಾಗಿ 16 ವರ್ಷಕ್ಕೆ, 1790ರಲ್ಲಿ ಮಗ ಹುಟ್ಟಿದ. ಮರುವರ್ಷ ಚಾರ್ಲ್ಸ್ ಗ್ರೇ ಎಂಬ ರಾಜಕಾರಣಿಯಿಂದ ಜಾರ್ಜಿಯಾನಾ ಗರ್ಭಿಣಿಯಾದಳು. ಡ್ಯೂಕ್ ಆಕೆಯನ್ನು ದೇಶದ ಹೊರಗೆ ಕಳಿಸಿದ. 1792ರಲ್ಲಿ ಹುಟ್ಟಿದ ಎಲೈಜಾ ಎಂಬ ಮಗುವನ್ನು ಗ್ರೇ ತಂದೆತಾಯಿಗೆ ಒಪ್ಪಿಸಬೇಕಾಯಿತು, ಉಳಿದ ಮೂರು ಮಕ್ಕಳನ್ನು ಕಾಣಲು 1793ರವರೆಗೆ ಕಾಯಬೇಕಾಯಿತು. ಇದು ಡ್ಯೂಕ್ ಒಬ್ಬನ ಕ್ರೌರ್ಯವಷ್ಟೇ ಅಲ್ಲ. ಕಾನೂನಿನಲ್ಲಿ ಮಕ್ಕಳು ತಂದೆಯವು, ತಾಯಿಗೆ ನೋಡುವ ಹಕ್ಕೂ ಇರಲಿಲ್ಲ. ಅದೇ ಮನೆಯಲ್ಲಿದ್ದ ಗೆಳತಿ ಎಲಿಜಬೆತ್ ಫಾಸ್ಟರ್ ಗಂಡನಿಂದ ಬೇರೆಯಾದಾಗ ತನ್ನ ಇಬ್ಬರು ಗಂಡುಮಕ್ಕಳ ಮುಖವನ್ನು ಹದಿನಾಲ್ಕು ವರ್ಷ ಕಾಣಲಿಲ್ಲ, ಗಂಡ ಸತ್ತ ಮೇಲೆಯೇ ಅವರು ತಾಯಿಯ ಬಳಿ ಬಂದದ್ದು. ಜಾರ್ಜಿಯಾನಾ ತೀರಿಕೊಂಡ ಮೂರು ವರ್ಷಕ್ಕೆ, 1809ರಲ್ಲಿ, ಈ ಎಲಿಜಬೆತ್‌ಳೇ ಡಚೆಸ್ ಆದಳು.

ಕಟ್ಟು ಸಡಿಲಾದದ್ದು ಯಾವಾಗ?

1839ರ ಕಾಯಿದೆ ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ಅರ್ಜಿ ಹಾಕಬಹುದು ಎಂದಿತು. 1857ರವರೆಗೆ ಪೂರ್ತಿ ವಿಚ್ಛೇದನಕ್ಕೆ ಪಾರ್ಲಿಮೆಂಟಿನಲ್ಲಿ ಪ್ರತ್ಯೇಕ ಮಸೂದೆಯೇ ಬೇಕಿತ್ತು, ಆ ವರ್ಷದ ಕಾಯಿದೆ ಅದನ್ನು ಕೋರ್ಟಿಗೆ ತಂದಿತು. ಆಸ್ತಿಯ ವಿಷಯದಲ್ಲಿ ದೊಡ್ಡ ತಿರುವು 1882ರ ವಿವಾಹಿತ ಸ್ತ್ರೀಯರ ಆಸ್ತಿ ಕಾಯಿದೆ: ಹೆಂಡತಿಯ ಆಸ್ತಿ ಹೆಂಡತಿಯದೇ. ಹಾಗೆಂದು ಅದಕ್ಕೆ ಮೊದಲು ಸಿರಿವಂತರ ಹೆಣ್ಣುಮಕ್ಕಳು ಪೂರ್ತಿ ಬರಿಗೈಯಲ್ಲಿ ಇರಲಿಲ್ಲ. ತವರಿನವರು ಆಸ್ತಿಯನ್ನು ಟ್ರಸ್ಟಿಗಳ ಹೆಸರಿಗೆ ಮಾಡಿ ‘ಈಕೆಯ ಪ್ರತ್ಯೇಕ ಉಪಯೋಗಕ್ಕೆ’ ಎಂದು ಬರೆದರೆ ಚಾನ್ಸರಿ ಕೋರ್ಟ್ ಅದನ್ನು ಗಂಡನಿಂದ ಕಾಯುತ್ತಿತ್ತು. ವಕೀಲರಿಗೆ ಕೊಡಲು ಹಣವಿಲ್ಲದವರಿಗೂ ಅದೇ ರಕ್ಷಣೆ ಸಿಕ್ಕಿದ್ದು 1882ರಲ್ಲಿ. ಅದೇ ವರ್ಷದ ಇನ್ನೊಂದು ಕಾಯಿದೆ, ಕಟ್ಟಿಹಾಕಿದ ಜಮೀನನ್ನು ಬದುಕಿರುವವರೆಗಿನ ಹಕ್ಕುದಾರನೂ ಮಾರಬಹುದು ಎಂದಿತು.

ಅಷ್ಟರಲ್ಲಿ ಬೇರೆ ಹೊಡೆತ ಬಂತು, ಮರಣ ತೆರಿಗೆ. 1894ರಲ್ಲಿ ಗರಿಷ್ಠ ಶೇ 8ರಷ್ಟಿದ್ದುದು 1950ರ ಹೊತ್ತಿಗೆ ಶೇ 80. ತಪ್ಪಿಸಿಕೊಳ್ಳುವ ದಾರಿ ಬದುಕಿರುವಾಗಲೇ ಮಗನಿಗೆ ದಾನಪತ್ರ ಮಾಡಿ ಐದು ವರ್ಷ ಬದುಕಿರುವುದು. 10ನೇ ಡ್ಯೂಕ್ 1946ರಲ್ಲಿ ದಾನ ಮಾಡಿದರು. 1950ರ ನವೆಂಬರಿನಲ್ಲಿ ತೀರಿಕೊಂಡಾಗ ಐದು ವರ್ಷಕ್ಕೆ ಇನ್ನೂ ಬಾಕಿಯಿತ್ತು. ಪೂರ್ತಿ ಶೇ 80. ಜಮೀನು, ಚಿತ್ರಗಳು ಮಾರಾಟವಾದವು. ತೆರಿಗೆಯ ಬದಲಿಗೆ ಹಾರ್ಡ್‌ವಿಕ್ ಹಾಲ್ ಕೈಬಿಟ್ಟು 1959ರಲ್ಲಿ ಅದು ಹಳೆಯ ಮನೆಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಸೇರಿತು. ಆಗ ಅಲ್ಲಿ ಇದ್ದವರು ಡೌವೇಜರ್ ಡಚೆಸ್ ಇವ್ಲಿನ್. ಬೆಸ್ ಕೊಂಡಿದ್ದ ಗೋಡೆ ಪರದೆಗಳನ್ನು, ಕಸೂತಿಗಳನ್ನು ವರ್ಷಗಟ್ಟಲೆ ಕೂತು ತಮ್ಮ ಕೈಯಿಂದಲೇ ಹೊಲಿದು ಉಳಿಸಿದವರು. 1960ರಲ್ಲಿ ಅವರು ತೀರಿಕೊಂಡ ಮೇಲೆ ಆ ಮನೆಯಲ್ಲಿ ಕ್ಯಾವೆಂಡಿಷ್‌ಗಳ ವಾಸ ಮುಗಿಯಿತು.

ಚಾಟ್ಸ್‌ವರ್ತ್ ಉಳಿಯಿತು. 11ನೇ ಡ್ಯೂಕ್‌ನ ಪತ್ನಿ ಡೆಬೊರಾ ಮಿಟ್‌ಫರ್ಡ್ ಅದನ್ನು ಟಿಕೆಟ್ ಕೊಂಡು ನೋಡುವವರ ಮನೆಯಾಗಿ ನಡೆಸಿದರು, 1977ರಲ್ಲಿ ಎಸ್ಟೇಟಿನ ಮಾಂಸ, ತರಕಾರಿ ಮಾರುವ ಅಂಗಡಿ ತೆರೆದರು. 1981ರಲ್ಲಿ ಮನೆ, ತೋಟಗಳನ್ನು ಒಂದು ದತ್ತಿ ಟ್ರಸ್ಟಿಗೆ ದೀರ್ಘ ಗುತ್ತಿಗೆಗೆ ಕೊಡಲಾಯಿತು. ಮನೆಯವರು ತಾವಿರುವ ಕೋಣೆಗಳಿಗೆ ಟ್ರಸ್ಟಿಗೆ ಬಾಡಿಗೆ ಕಟ್ಟುತ್ತಾರೆ. ರಾಜಪಟ್ಟಕ್ಕೆ ಹೆಣ್ಣು ಗಂಡು ಭೇದವಿಲ್ಲದೆ ಹಿರಿಯರೇ ಬರಬೇಕೆಂಬ 2013ರ ಕಾಯಿದೆ ಸಿಂಹಾಸನಕ್ಕಷ್ಟೇ ಅನ್ವಯ. ಡೆವನ್‌ಷೈರ್ ಡ್ಯೂಕ್ ಪದವಿಯ 1694ರ ಸನ್ನದು ಹಾಗೆಯೇ ಇದೆ: ಗಂಡು ಪೀಳಿಗೆಗೆ, ಗಂಡಸರ ಮೂಲಕ.